ಹಲ್ಲಿನ ಡಾಕ್ಟರ ಪಿಸ್ತೂಲು

ಹೊಳೇನರಸೀಪುರದಲ್ಲಿ ಪಿಸ್ತೂಲು ಇಟ್ಕೊಂಡಿರೋ ಮನುಷ್ಯನಿಗೆ ಜನ ಕೇಳೋದು ಒಂದೇ ಪ್ರಶ್ನೆ. "ಅಂದಿ ಬೀಳ್ತದಾ ಸಾ ಇದ್ರಲ್ಲಿ?" ನಾನು ಹಲ್ಲಿನ ಡಾಕ್ಟರು. ಇಪ್ಪತ್ತಾರು ವರ್ಷದಿಂದ ಈ ಊರಿನ ಬಾಯಿ ನೋಡಿಕೊಂಡೇ ಬದುಕಿದವನು. ಕುರ್ಚಿ ಮೇಲೆ ಒರಗಿ, ಬಾಯೊಳಗೆ ನನ್ನ ಎರಡು ಬೆರಳು ಇಟ್ಕೊಂಡಿರೋರೂ ಗೊಳಗೊಳ ಅಂತ ಅದನ್ನೇ ಕೇಳೋರು. ಬೀಳಲ್ಲ ಕಣಪ್ಪ, ಹಂದಿ ಬೀಳಲ್ಲ. ಇದು ಪಾಯಿಂಟ್ ಟೂ ಟೂ. ಅಂಗೈಯಗಲದ ಪಿಸ್ತೂಲು, ನನ್ನ ನಡುಬೆರಳಿನಷ್ಟುದ್ದ ನಳಿಗೆ, ಕಡ್ಲೆಕಾಯಿ ಬೀಜಕ್ಕಿಂತ ಸಣ್ಣ ಗುಂಡು. ಹಂದಿಗೆ ಹೊಡೆದರೆ ಅದು ತಿರುಗಿ ನಮ್ಮನ್ನೇ ಅಟ್ಟಿಸಿಕೊಂಡು ಬರುತ್ತೆ. ಇದಿರೋದು ಕಾಗದಕ್ಕೆ ತೂತು ಮಾಡೋಕೆ, ಖುಷಿಗೆ, ಭಾನುವಾರ ಕಳೆಯೋಕೆ. ಹಾಗಂದ್ರೆ ಒಬ್ಬನೂ ನಂಬ್ತಿರಲಿಲ್ಲ. "ಕಾಗ್ದಕ್ಕೆ ತೂತ್ ಮಾಡಕ್ಕೆ ದಬ್ಬಣ ಸಾಲ್ದಾ ಸಾ?" ಅಂತ ಕೇಳಿದ ಒಬ್ಬ. ಆವತ್ತು ಅವನಿಗೆ ಇಂಜೆಕ್ಷನ್ನು ಸ್ವಲ್ಪ ಜೋರಾಗೇ ಬಿತ್ತು ಅಂತ ಕಾಣುತ್ತೆ.

ಅವರು ನಂಬದೇ ಇದ್ದದ್ದು ಸರಿ. ನಾನು ಪಿಸ್ತೂಲು ಹಿಡಿದಿದ್ದು ಖುಷಿಗಲ್ಲ. ನನ್ನ ಬಲಗೈ ನಡುಗೋಕೆ ಶುರುವಾಗಿತ್ತು.

ಮೊದಲು ಬಾಯಿಬಿಟ್ಟು ಹೇಳಿದವನು ಮಲ್ಲಿಪಟ್ಟಣದ ಕಡೆಯ ಒಬ್ಬ ಶುಂಠಿ ಬೆಳೆಗಾರ. ದವಡೆ ಹಲ್ಲು ಹುಳ ಹಿಡಿದು ಬಂದಿದ್ದ. ಮರಗಟ್ಟಿಸೋ ಸೂಜಿ ತಗೊಂಡು ಅವನ ಬಾಯಿ ಹತ್ತಿರ ಹೋದೆ. ಅವನು ಸೂಜಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಸೂಜಿ ನೋಡಿದ. "ಯಾಕ್ ಸಾ, ನಂಗಿಂತ ನೀವೇ ಎದರ್ಕೊಂಡಂಗೈತಲ್ಲಾ?" ಅಂದ. "ಬಾಯಿ ಮುಚ್ಚಯ್ಯ" ಅಂದೆ. ಹಲ್ಲಿನ ಡಾಕ್ಟರಾಗಿ ರೋಗಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಹಲ್ಲೇನೋ ಕಿತ್ತೆ. ಸಂಜೆ ಷಟರ್ ಎಳೆದ ಮೇಲೆ ಒಬ್ಬನೇ ಕೂತು ಕೈ ಮುಂದೆ ಚಾಚಿ ನೋಡಿಕೊಂಡೆ. ಗಾಳಿಗೆ ಅರಳಿ ಎಲೆ ಆಡ್ತಾ ಇರುತ್ತಲ್ಲ, ಹಾಗೆ ಆಡ್ತಿತ್ತು.

ಕಿರಾಣಿ ಅಂಗಡಿಯವನಿಗೆ ಕೈ ನಡುಗಿದರೆ ಸಕ್ಕರೆ ನಾಲ್ಕು ಕಾಳು ಜಾಸ್ತಿ ಬೀಳುತ್ತೆ, ಗಿರಾಕಿಗೆ ಲಾಭ. ನನ್ನ ಕೈ ಓಡಾಡೋದು ಜೀವಂತ ಮನುಷ್ಯನ ದವಡೆ ಒಳಗೆ, ನರದ ಪಕ್ಕ. ಆ ನರಕ್ಕೆ ಏಟು ಬಿದ್ದರೆ ಅವನ ತುಟಿ ಜೀವಮಾನ ಪೂರ್ತಿ ಮರಗಟ್ಟಿ ಹೋಗಬಹುದು. ಇಷ್ಟೆಲ್ಲ ಓದಿಕೊಂಡಿದ್ದ ನಾನು ಏನು ಮಾಡಿದೆ? ಕಾಫಿ ಜಾಸ್ತಿಯಾಯ್ತು ಅಂದುಕೊಂಡೆ. ಕಾಫಿ ಬಿಟ್ಟೆ. ನಿದ್ದೆ ಕಮ್ಮಿ ಅಂದುಕೊಂಡೆ. ಮಧ್ಯಾಹ್ನ ಊಟ ಆದ ಮೇಲೆ ಕ್ಲಿನಿಕ್ಕಿನ ಕುರ್ಚಿ ಮೇಲೇ ಮಲಗಿದೆ. ಕೈ ತನ್ನ ಪಾಡಿಗೆ ತಾನು ಆಡ್ತಾನೇ ಇತ್ತು.

ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡೋಳು. ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳೋಕೆ ಆಗಲ್ಲ. ಒಂದು ಬೆಳಿಗ್ಗೆ ನನ್ನ ಕೈಯಲ್ಲಿದ್ದ ಸಾಸರ್ ಮೇಲೆ ಕಪ್ಪು ಕಟಕಟ ಅಂದದ್ದು ಅಡುಗೆಮನೆಗೆ ಕೇಳಿಸ್ತು. "ರೀ, ಹಾಸನಕ್ಕೆ ಹೋಗಿ ನರದ ಡಾಕ್ಟರಿಗೆ ತೋರಿಸೋಣ" ಅಂದಳು. "ನನ್ನ ಕೈಗೆ ಏನೂ ಆಗಿಲ್ಲ" ಅಂದೆ. "ಆಗಿದೆ." "ಆಗಿಲ್ಲ." ಹೀಗೆ ಹತ್ತು ದಿನ ನಡೀತು. ಕೊನೆಗೆ ಒಂದು ದಿನ ನನಗೆ ರೇಗಿ ಹೋಯ್ತು. ಬೀರು ತೆಗೆದು ಅಪ್ಪಾಜಿಯ ಪಿಸ್ತೂಲು ಎತ್ತಿ ತೋರಿಸಿ, "ಕೈ ನಡುಗೋನು ಇದರಲ್ಲಿ ಗುರಿ ಹೊಡೀತಾನೇನೇ? ಹೊಡೆದು ತೋರಿಸ್ತೀನಿ ನೋಡು" ಅಂದುಬಿಟ್ಟೆ.

ಅವಳು ನಗಲೂ ಇಲ್ಲ, ಹೆದರಲೂ ಇಲ್ಲ. ಲೆಕ್ಕ ಹಾಕಿದಳು. "ಸರಿ. ಹತ್ತಕ್ಕೆ ಹತ್ತು ಗುಂಡು ಗುರಿ ಕಾಗದದ ಕರಿ ಮಚ್ಚೆ ಒಳಗೆ ಬೀಳಬೇಕು. ದೀಪಾವಳಿವರೆಗೆ ಟೈಮು. ಬಿದ್ದರೆ ನಾನು ಇನ್ನು ಈ ಮಾತು ಎತ್ತಲ್ಲ. ಬೀಳದಿದ್ದರೆ ನೀವು ಹಲ್ಲು ಕೀಳೋದು ನಿಲ್ಲಿಸಿ ಡಾಕ್ಟರ ಮುಂದೆ ಕೂರಬೇಕು." ಒಪ್ಪಿಕೊಂಡೆ. ಹಲ್ಲು ಕೀಳೋದು ಬಿಟ್ಟರೆ ನನಗೆ ಬೇರೆ ಏನು ಬರುತ್ತೆ, ಹೇಳಿ? ಕಸುಬೇ ಪಣಕ್ಕಿಟ್ಟು ಪಂಥ ಕಟ್ಟಿದ ಗಂಡಸು ನಾನು.

ಆ ಪಿಸ್ತೂಲಿನ ಜಾತಕ ಸ್ವಲ್ಪ ಹೇಳಬೇಕು. ನಮ್ಮಪ್ಪಾಜಿ ಅರಕಲಗೂಡಿನಲ್ಲಿ ಹೊಗೆಸೊಪ್ಪು, ಶುಂಠಿ ವ್ಯಾಪಾರ ಮಾಡ್ತಿದ್ದೋರು. ದುಡ್ಡು ಹಿಡಿದು ಊರೂರು ತಿರುಗೋ ವ್ಯಾಪಾರಸ್ಥ ಅಂತ ಲೈಸೆನ್ಸು ಮಾಡಿಸಿ ಇದನ್ನು ತಗೊಂಡರು. ಒಂದು ದಿನವೂ ಒಂದು ಗುಂಡು ಹಾರಿಸಲಿಲ್ಲ. ಮದುವೆ ಮನೆಗೆ ಹೋದಾಗ ಷರಟು ಸ್ವಲ್ಪ ಮೇಲೆತ್ತಿಕೊಂಡು ಕೂರೋರು, ಅಷ್ಟೇ ಅದರ ಉಪಯೋಗ. ಚುನಾವಣೆ ಬಂತು ಅಂದರೆ ಲೈಸೆನ್ಸಿನ ಆಯುಧ ಇರೋರೆಲ್ಲ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬರಬೇಕಲ್ಲ. ಅಸೆಂಬ್ಲಿಗೆ, ಪಾರ್ಲಿಮೆಂಟಿಗೆ, ಪಂಚಾಯ್ತಿಗೆ ಅಂತ ಅದೂ ಹೋಗ್ತಿತ್ತು, ಬರ್ತಿತ್ತು. ನಮ್ಮ ವಂಶದಲ್ಲೇ ಅಷ್ಟು ಸಲ ಸ್ಟೇಷನ್ ಮೆಟ್ಟಿಲು ಹತ್ತಿದವರು ಬೇರೆ ಯಾರೂ ಇಲ್ಲ. ಅಪ್ಪಾಜಿ ಹೋದ ಮೇಲೆ ನಾನು ಲೈಸೆನ್ಸು ನನ್ನ ಹೆಸರಿಗೆ ಮಾಡಿಸಿಕೊಂಡೆ. ಬೀರುವಿನಲ್ಲಿ ರೇಷ್ಮೆ ಪಂಚೆಗಳ ಕೆಳಗೆ ಅದು ಮಲಗಿತ್ತು.

ಹಾಸನದಾಚೆ, ದೊಡ್ಡಗದ್ದವಳ್ಳಿ ಕಡೆ ಹೋಗೋ ದಾರೀಲಿ, ಕಲ್ಲು ತೆಗೆದು ಬಿಟ್ಟ ಕ್ವಾರಿಯೊಳಗೆ ಒಂದು ಗುರಿ ಹೊಡೆಯೋ ಕ್ಲಬ್ಬಿತ್ತು. ಮೂರು ಕಡೆ ಬಂಡೆ, ಒಂದು ಕಡೆ ತಗಡಿನ ಚಪ್ಪರ, ಮಣ್ಣಿನ ದಿಬ್ಬದ ಮುಂದೆ ಕಾಗದದ ಗುರಿ. ಕಲಿಸೋರು ಚನ್ನರಾಯಪಟ್ಟಣ ಕಡೆಯೋರು, ಮಿಲಿಟರಿಯಿಂದ ರಿಟೈರಾದ ಸುಬೇದಾರರು. ಲೈಸೆನ್ಸು ನೋಡಿದರು, ಪುಸ್ತಕದಲ್ಲಿ ಬರೆದುಕೊಂಡರು. ನಾನು ತಂದಿದ್ದ ಕಬ್ಬಿಣದ ಪೆಟ್ಟಿಗೆ, ಅದರ ಬೀಗ, ಆ ಬೀಗದ ಕೀಲಿಗೊಂದು ಚೀಲ, ಎಲ್ಲ ನೋಡಿ, "ಮೂಗಿಗಿಂತ ಮೂಗ್ತಿ ಭಾರ ಆಯ್ತಲ್ಲ ಸಾ" ಅಂದರು. ಅವರ ಮೇಲೆ ನನಗೆ ಆಗಲೇ ಸಿಟ್ಟು ಬಂತು.

ಮೊದಲ ಗುಂಡು ಹಾಕಿ ಒತ್ತಿದೆ. ಟಕ್. ಎರಡನೇದು. ಟಕ್. ಮೂರನೇದೂ ಟಕ್. ಸುಬೇದಾರರು ಗುಂಡು ಖಾಲಿ ಮಾಡಿಸಿ, ಪಿಸ್ತೂಲು ತಗೊಂಡು ಮೇಜಿನ ಮೇಲೆ ಬಿಚ್ಚಿ, ಬಿಳೀ ಬಟ್ಟೆ ಮೇಲೆ ತಟ್ಟಿದರು. ಬೂದಿ ಉದುರಿತು. ಮೊದಲು ಚಿಟಿಕೆ, ಆಮೇಲೆ ಹಿಡಿ. ಅದರ ಜೊತೆ ಕುಂಕುಮ, ಒಣಗಿದ ಸೇವಂತಿಗೆಯ ಎಸಳು, ಒಂದು ಅಕ್ಷತೆ ಕಾಳು. ವರ್ಷವರ್ಷವೂ ಆಯುಧಪೂಜೆ ದಿನ ನಮ್ಮವ್ವ ಅದಕ್ಕೆ ಮೂರು ಬೆರಳಲ್ಲಿ ವಿಭೂತಿ ಬಳೀತಿದ್ದಳು. ಹೊರಗೆ ಮಾತ್ರ ಬಳಿದಿದ್ದರೆ ಹಾಳಾಗಿ ಹೋಗಲಿ. ಒಳಗಿನ ದೇವರಿಗೂ ಸಲ್ಲಲಿ ಅಂತ ಸಂದುಗೊಂದಿಗೆಲ್ಲ ತುಂಬಿಬಿಟ್ಟಿದ್ದಳು ಮಹಾತಾಯಿ. "ಸಾ, ಇದು ಪಿಸ್ತೂಲಲ್ಲ, ಮಠ" ಅಂದರು ಸುಬೇದಾರರು. ಬ್ರಷ್ಷು, ಎಣ್ಣೆ ಹಿಡಿದು ಆ ಬೆಳಿಗ್ಗೆ ಪೂರ್ತಿ ಉಜ್ಜಿದೆವು.

ಮನೆಗೆ ಬಂದು ಅವ್ವನ ಮೇಲೆ ಕೂಗಾಡಿದೆ. ಅವಳು ಅಲಸಂದೆಕಾಯಿ ಬಿಡಿಸ್ತಾ ಕೂತಿದ್ದೋಳು ತಲೆ ಕೂಡ ಎತ್ತಲಿಲ್ಲ. "ಮೂವತ್ತ್ ವರ್ಸ ಅದು ಯಾರ್ಗೂ ಒಂದ್ ತೊಂದ್ರೆ ಕೊಡ್ಲಿಲ್ವಲ್ಲಪ್ಪ. ಯಾತ್ರಿಂದ ಅನ್ಕೊಂಡಿದ್ದೀಯ? ಆ ಈಬೂತಿಯಿಂದ್ಲೇ" ಅಂದಳು. ನಾನೂ ಪಕ್ಕದಲ್ಲಿ ಕೂತು ಕಾಯಿ ಬಿಡಿಸೋಕೆ ಶುರು ಮಾಡಿದೆ.

ಆಮೇಲೆ ಭಾನುವಾರ ಭಾನುವಾರ ಹೋದೆ. ಪಿಸ್ತೂಲಿನ ಗುಣ ಮೊದಲು ಹೇಳ್ತೀನಿ, ಹೊಗಳೋ ವಿಷಯದಲ್ಲಿ ನಾನು ಜಿಪುಣನಲ್ಲ. ಒತ್ತಿದರೆ ಕೈಗೆ ಒದೆಯಲ್ಲ. ದೊಡ್ಡ ಪಿಸ್ತೂಲುಗಳು ಒದ್ದರೆ ಭುಜದವರೆಗೆ ಗೊತ್ತಾಗುತ್ತೆ, ಇದು ಬೆನ್ನು ತಟ್ಟಿದ ಹಾಗೆ ಅಷ್ಟೇ. ಸದ್ದೂ ಕಮ್ಮಿ, ಪಟ್ ಅನ್ನುತ್ತೆ. ಆದರೂ ಕಿವಿಗೆ ಮುಚ್ಚಳ ಹಾಕದೆ ಸುಬೇದಾರರು ಬಿಡಲ್ಲ. ಗುಂಡು ಅಗ್ಗ, ಆದ್ದರಿಂದ ಒಂದು ಬೆಳಿಗ್ಗೇಲಿ ಐವತ್ತು ಹೊಡೆದರೂ ಹೆಂಡತಿ ಕಣ್ಣು ಕೆಂಪಾಗಲ್ಲ. ಹೊಸಬರಿಗೆ ಹೇಳಿ ಮಾಡಿಸಿದ್ದು. ಅಂಗಿ ಜೇಬಲ್ಲಿ ಹಿಡಿಯೋ ಅಷ್ಟು ಸಣ್ಣದು, ಆದರೆ ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಊರಲ್ಲಿ ನನಗೆ 'ಪಿಸ್ತೂಲ್ ಡಾಕ್ಟ್ರು' ಅಂತ ಹೆಸರೇ ಬಂದಿತ್ತು. ದುಡ್ಡು ಆಮೇಲೆ ಕೊಡ್ತೀನಿ ಅಂತಿದ್ದೋರು ಆಗಲೇ ಕೊಡೋಕೆ ಶುರು ಮಾಡಿದರು.

ಇನ್ನು ದೋಷ. ಅದರಲ್ಲಿ ನಾನು ಪಂಡಿತನಾಗಿ ಹೋದೆ. ಯಾಕೆ ಅಂದರೆ ಗುಂಡು ಕರಿ ಮಚ್ಚೆ ಬಿಟ್ಟು ಹೊರಗೆ ಬಿದ್ದಾಗಲೆಲ್ಲ ನನಗೊಂದು ದೋಷ ಬೇಕಾಗ್ತಿತ್ತು. ಹಿಡಿ ಸಣ್ಣದು, ಕಿರುಬೆರಳಿಗೆ ಜಾಗವೇ ಇಲ್ಲ, ಅದು ಗಾಳಿಯಲ್ಲಿ ನೇತಾಡುತ್ತೆ. ಒಂದು. ಗುರಿ ನೋಡೋ ಮುಂದಿನ ಮೊಳೆಗೂ ಹಿಂದಿನ ಕಚ್ಚಿಗೂ ನಾಲ್ಕು ಬೆರಳಿನ ಅಂತರ ಇಲ್ಲ. ಇಲ್ಲಿ ಕೂದಲೆಳೆ ಅಲ್ಲಾಡಿದರೆ ಅಲ್ಲಿ ಗೇಣು ದೂರ ಹೋಗಿ ಬೀಳುತ್ತೆ. ಇದು ಸತ್ಯ, ಸುಬೇದಾರರೂ ಒಪ್ಪಿಕೊಂಡರು. ತೂಕ ಕಮ್ಮಿ, ಕೈಯಲ್ಲಿ ಕೂತುಕೊಳ್ಳಲ್ಲ. ಗುಂಡಿನ ಸೀಸದ ಮಸಿ ಬೇಗ ಕಟ್ಟಿಕೊಳ್ಳುತ್ತೆ, ಉಜ್ಜುತ್ತಲೇ ಇರಬೇಕು. ಮತ್ತೆ ಅದಕ್ಕೆ ಎಲ್ಲ ಗುಂಡೂ ಆಗಲ್ಲ. ಒಂದು ಡಬ್ಬಿಯದು ಗಟಗಟ ನುಂಗುತ್ತೆ, ಇನ್ನೊಂದು ಡಬ್ಬಿಯದು ಹಾಕಿದರೆ ಹೊಸ ಅಳಿಯನ ಹಾಗೆ ಮುನಿಸಿಕೊಂಡು ಮಧ್ಯದಲ್ಲೇ ಸಿಕ್ಕಿಸಿಕೊಳ್ಳುತ್ತೆ.

ಎಲ್ಲಕ್ಕಿಂತ ದೊಡ್ಡ ಕಾಟ ಟಕ್ ಅನ್ನೋ ಗುಂಡುಗಳದ್ದು. ವಿಭೂತಿ ಹೋದ ಮೇಲೂ ಅದು ಪೂರ್ತಿ ಹೋಗಲಿಲ್ಲ. ದೊಡ್ಡ ಗುಂಡಿಗೆ ಬುಡದ ನಡುಮಧ್ಯೆ ಹೊಡೆತ ಬೀಳುತ್ತೆ. ಈ ಸಣ್ಣ ಗುಂಡಿಗೆ ಬುಡದ ಅಂಚಿಗೆ ಬೀಳುತ್ತೆ. ಆ ಅಂಚಿನೊಳಗೆ ಮದ್ದು ಎಲ್ಲಾದರೂ ಸರಿಯಾಗಿ ಹರಡಿಲ್ಲದಿದ್ದರೆ ಗುಂಡು ಹಾರಲ್ಲ. ಹಾರಲಿಲ್ಲ ಅಂತ ತಕ್ಷಣ ಕೆಳಗಿಳಿಸೋ ಹಾಗೂ ಇಲ್ಲ, ತಡವಾಗಿ ಸಿಡಿದರೆ ಏನು ಗತಿ? "ಅರ್ಧ ನಿಮ್ಸ ಗುರಿ ಕಡೀಕೇ ಇಡ್ಕೊಂಡ್ ನಿಂತಿರ್ಬೇಕು ಸಾ. ಆಮ್ಯಾಕೇ ತಗೀಬೇಕು" ಅನ್ನೋದು ಸುಬೇದಾರರ ಕಟ್ಟಪ್ಪಣೆ. ನಾನು ಟಕ್ ಅಂದರೆ ಐದು ಎಣಿಸೋ ಅಷ್ಟರಲ್ಲಿ ಕೈ ಇಳಿಸಿ ಬೈಸಿಕೊಳ್ತಿದ್ದೆ.

ಪಕ್ಕದ ಸಾಲಲ್ಲಿ ಒಬ್ಬ ಕಂಟ್ರಾಕ್ಟರು ಬರ್ತಿದ್ದ. ಮೊಳದುದ್ದದ ಪಿಸ್ತೂಲು, ಕಪ್ಪು ಕನ್ನಡಕ, ಕೈಗವಸು. ಒಂದು ಗುಂಡು ಹೊಡೆಯೋದು, ಫೋನಿನಲ್ಲಿ ತನ್ನ ವಿಡಿಯೋ ತಾನೇ ನೋಡೋದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಅನ್ನೋದು ಇವನನ್ನು ನೋಡೇ ಇರಬೇಕು. ಆದರೆ ಅವನ ಗುಂಡು ಕರಿ ಮಚ್ಚೆ ಒಳಗೇ ಬೀಳ್ತಿತ್ತು, ಹಾಳಾದೋನದು. ಪಿಸ್ತೂಲು ಉದ್ದ ಇದೆ, ಅದಕ್ಕೇ, ಅಂದುಕೊಂಡೆ.

ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ವಿವರಿಸ್ತಿದ್ದೆ. ಹಿಡಿ, ನಳಿಗೆ, ಮಸಿ, ಮದ್ದು. ಅವಳು ಉತ್ತರಪತ್ರಿಕೆ ತಿದ್ದುತ್ತಾ ಕೇಳಿಸಿಕೊಂಡು, "ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ" ಅಂತ ಒಂದು ಸೊನ್ನೆ ಹಾಕೋಳು. ಸೊನ್ನೆ ಹುಡುಗರಿಗೋ ನನಗೋ ಅಂತ ಕೇಳೋ ಧೈರ್ಯ ನನಗಾಗಲಿಲ್ಲ. ಹತ್ತಕ್ಕೆ ಆರು ಬೀಳ್ತಿತ್ತು. ಒಂದು ಸಲ ಎಂಟು. ಒಂದು ಭಾನುವಾರ ಹತ್ತಕ್ಕೆ ಹತ್ತೂ ಬಿತ್ತು! ಕಾಗದ ಹಿಡಿದುಕೊಂಡು ಮನೆಯೊಳಗೆ ನುಗ್ಗಿದೆ. ಅವಳು ಕಾಗದವನ್ನ ಬೆಳಕಿಗೆ ಹಿಡಿದು ನೋಡಿ, "ಕೈ ಎಲ್ಲಿ ಇಟ್ಟಿದ್ರಿ?" ಅಂದಳು. ಮರಳು ಮೂಟೆ ಮೇಲೆ ಅಂತ ಒಪ್ಪಿಕೊಳ್ಳಬೇಕಾಯ್ತು. "ನಾಳೆಯಿಂದ ರೋಗಿ ಎದೆ ಮೇಲೂ ಒಂದು ಮೂಟೆ ಇಟ್ಕೊಂಡು ಹಲ್ಲು ಕೀಳ್ತೀರಾ?" ಅಂದಳು. ನನಗೆ ಮೈಯೆಲ್ಲ ಉರಿದು ಹೋಯ್ತು. ಉರಿದದ್ದು ಅವಳು ಹೇಳಿದ್ದು ನಿಜ ಅನ್ನೋ ಕಾರಣಕ್ಕೆ.

ಆಮೇಲೆ ನಾನೊಂದು ಕಳ್ಳವಿದ್ಯೆ ಕಲಿತೆ. ನಡುಕಕ್ಕೂ ಒಂದು ಲಯ ಇರುತ್ತೆ. ಎಡಕ್ಕೆ ಹೋಗುತ್ತೆ, ಬಲಕ್ಕೆ ಬರುತ್ತೆ, ನಡುವೆ ಒಂದು ಕ್ಷಣ ಗುರಿ ಮೇಲಿಂದ ಹಾದು ಹೋಗುತ್ತೆ. ಆ ಕ್ಷಣಕ್ಕೆ ಸರಿಯಾಗಿ ಒತ್ತಿದರೆ ಗುಂಡು ಕರಿ ಮಚ್ಚೆಗೇ ಬೀಳುತ್ತೆ. ಪಟ್ ಅಂದು ಪಿಸ್ತೂಲು ಹೇಗೂ ಸ್ವಲ್ಪ ಹಾರುತ್ತೆ, ಆ ಹಾರಾಟದಲ್ಲಿ ನಡುಕ ಯಾರಿಗೆ ಕಾಣಬೇಕು? ಎರಡು ತಿಂಗಳಲ್ಲಿ ನಾನು ಗುರಿ ಕಲಿಯಲಿಲ್ಲ. ನನ್ನ ಕೈಯನ್ನ ಬಚ್ಚಿಡೋದು ಕಲಿತೆ. ಹಾಗೆ ಕಲಿತದ್ದಕ್ಕೆ ನಾಚಿಕೆ ಆಗೋ ಬದಲು ಹೆಮ್ಮೆ ಆಗ್ತಿತ್ತು, ಥೂ.

ದೀಪಾವಳಿಗೆ ಮುಂಚಿನ ಭಾನುವಾರ ಹೆಂಡತಿಯನ್ನೂ ಕರಕೊಂಡು ಹೋದೆ. ಕ್ವಾರಿಯಲ್ಲಿ ಕಂಟ್ರಾಕ್ಟರು ಇರಲಿಲ್ಲ, ನಾವು ಮೂವರೇ. ಅವಳು ಕಿವಿಮುಚ್ಚಳ ಹಾಕ್ಕೊಂಡು ಹಿಂದಿನ ಬೆಂಚಿನ ಮೇಲೆ ಕೂತಳು. ಸುಬೇದಾರರು ನನ್ನ ಪಕ್ಕ ನಿಂತು ದುರ್ಬೀನಿನಲ್ಲಿ ಕಾಗದ ನೋಡ್ತಿದ್ದರು.

ಒಂದು. ಒಳಗೆ. ಎರಡು. ಒಳಗೆ. ಐದೂ ಒಳಗೇ ಬಿತ್ತು. ಎರಡನೇ ಸಲ ತುಂಬಿದೆ. ಆರು, ಏಳು, ಎರಡೂ ಒಳಗೆ. "ಸಾ, ಭಲೇ" ಅಂದರು ಸುಬೇದಾರರು, ನಿಜವಾಗಿ ಖುಷಿಯಿಂದ. ಇನ್ನು ಮೂರೇ ಮೂರು. ಆ ಹೊತ್ತಿಗೆ ನನ್ನ ಮನಸ್ಸು ಕ್ಲಿನಿಕ್ಕಿಗೆ ಹೋಗಿ ಬೋರ್ಡಿಗೆ ಹೊಸ ಬಣ್ಣ ಹೊಡೆಸ್ತಾ ಇತ್ತು.

ಎಂಟನೇದು ಒತ್ತಿದೆ. ಟಕ್.

"ಅಂಗೇ ಇಡ್ಕೊಳಿ ಸಾ! ಇಳಿಸ್ಬ್ಯಾಡಿ" ಅಂದರು ಸುಬೇದಾರರು. ಆವತ್ತು ಹೆಂಡತಿ ಎದುರು ಬೈಸಿಕೊಳ್ಳಬಾರದು ಅಂತ ನಾನೂ ಹಾಗೇ ನಿಂತೆ. ಅವರು ಗಡಿಯಾರ ನೋಡಿ ಎಣಿಸೋಕೆ ಶುರು ಮಾಡಿದರು. ಸದ್ದಿಲ್ಲ, ಹೊಗೆಯಿಲ್ಲ, ಹಾರಾಟ ಇಲ್ಲ. ಚಾಚಿದ ಕೈ, ಅದರ ತುದೀಲಿ ಪಿಸ್ತೂಲು. ಅದು ಕುಣೀತಾ ಇತ್ತು. ಮುಂದಿನ ಮೊಳೆ ಕಚ್ಚಿನೊಳಗೆ ನಿಲ್ಲದೆ ಎಡಬಲ ಬಡಕೊಳ್ತಿತ್ತು. ಎಡಗೈ ಹಾಕಿ ಬಿಗಿಯಾಗಿ ಹಿಡಿದೆ. ಇನ್ನೂ ಜಾಸ್ತಿಯಾಯ್ತು. ಹತ್ತು ಅಂದರು. ಹದಿನೈದು ಅಂದರು. ಇಪ್ಪತ್ತರ ಹೊತ್ತಿಗೆ ಅವರ ಎಣಿಕೆ ಮೆತ್ತಗಾಯ್ತು, ಕಣ್ಣು ಗಡಿಯಾರ ಬಿಟ್ಟು ನನ್ನ ಕೈ ಮೇಲೆ ಬಂತು. ಬೈಯಬೇಕು ಅಂದರೆ ಬೈಯೋಕೆ ನನಗೆ ಒಂದು ದೋಷವೂ ಸಿಗಲಿಲ್ಲ. ಹಿಡಿಯಲ್ಲ, ನಳಿಗೆಯಲ್ಲ, ಮಸಿಯಲ್ಲ. ಜೀವಮಾನದಲ್ಲಿ ಅಷ್ಟು ಉದ್ದದ ಅರ್ಧ ನಿಮಿಷ ನಾನು ನೋಡಿಲ್ಲ.

"ಮೂವತ್ತು. ತಗೀರಿ ಸಾ" ಅಂದರು. ಸತ್ತ ಗುಂಡು ತೆಗೆದು ಡಬ್ಬಿಗೆ ಹಾಕಿಸಿದರು. ಒಳ್ಳೇ ಮನುಷ್ಯ, ನನ್ನ ಮುಖ ನೋಡದೆ ಕಾಗದದ ಕಡೆಗೇ ನೋಡ್ತಾ, "ಇದು ಲೆಕ್ಕಕ್ಕಿಲ್ಲ ಸಾ. ಗುಂಡಿನ ತೆಪ್ಪು. ಬ್ಯಾರೇದ್ ಆಕ್ಕೊಂಡು ಮೂರ್ ಒಡೀರಿ, ಓದಂಗೇ ಓಯ್ತದೆ" ಅಂದರು. ಹೋಗಿಬಿಡ್ತಿತ್ತು. ನನ್ನ ಕಳ್ಳವಿದ್ಯೆ ನನಗೆ ಗೊತ್ತಿತ್ತು. ಮೂರು ಸಲ ಆ ಕ್ಷಣ ಹಿಡಿದರೆ ಹತ್ತಕ್ಕೆ ಹತ್ತು, ಪಂಥ ನನ್ನದು, ಇಕ್ಕಳ ನನ್ನದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗ್ತಿರಲಿಲ್ಲ.

ಹಿಂದೆ ತಿರುಗಿ ನೋಡಿದೆ. ಹೆಂಡತಿ ಕಿವಿಮುಚ್ಚಳ ತೆಗೆದು ತೊಡೆ ಮೇಲೆ ಇಟ್ಕೊಂಡಿದ್ದಳು. ನನ್ನ ಆಡ್ಕೊಳ್ಳೋಕೆ ಅದಕ್ಕಿಂತ ಒಳ್ಳೇ ಹೊತ್ತು ಅವಳಿಗೆ ಸಿಗ್ತಿರಲಿಲ್ಲ. ಆದರೆ ಅವಳು ಅಳ್ತಿದ್ದಳು. ಮೂವತ್ತರವರೆಗೆ ಅವಳೂ ಎಣಿಸಿದ್ದಳು ಅಂತ ಕಾಣುತ್ತೆ. ನನಗೆ ಸೋತೆ ಅನ್ನೋ ಸಿಟ್ಟು ಬರಲಿಲ್ಲ, ಹೆದರಿಕೆ ಆಯ್ತು. ಎಷ್ಟು ದವಡೆಯೊಳಗೆ ಈ ಕೈ ಹಾಕಿದೀನಿ ಈ ವರ್ಷ ಅಂತ ಹೆದರಿಕೆ. ಉಳಿದ ಗುಂಡೆಲ್ಲ ಇಳಿಸಿ, ಖಾಲಿ ಪಿಸ್ತೂಲನ್ನ ಮೇಜಿನ ಮೇಲಿಟ್ಟೆ. "ಸಾಕು ಸುಬೇದಾರ್ರೇ" ಅಂದೆ.

ವಾಪಸ್ಸು ಬರೋವಾಗ ಅವಳೇ ಕಾರು ಓಡಿಸಿದಳು. ಹಾಸನ ದಾಟಿದ ಮೇಲೆ ನೆನಪಾಯ್ತು, ಮಾರನೇ ದಿನ ಹತ್ತು ಗಂಟೆಗೆ ಒಂದು ಬುದ್ಧಿಹಲ್ಲು ಕೀಳಬೇಕಿತ್ತು. ಅರಕಲಗೂಡಿನ ಕಡೆಯಿಂದ ಬಸ್ಸಿನಲ್ಲಿ ಬರಬೇಕಿದ್ದ ಹೆಂಗಸು. ಮುಸುಕಿನ ಜೋಳ ಬೆಳೆಯೋ ಮನೆ, ಅವರ ಮನೆಯವರೆಲ್ಲರ ಬಾಯಿಯನ್ನೂ ನಾನೇ ನೋಡಿದ್ದು. ಆ ಹಲ್ಲಿನ ಬೇರು ನರಕ್ಕೆ ಒತ್ತಿಕೊಂಡಿತ್ತು. ಗಾಡಿ ನಿಲ್ಲಿಸು ಅಂದೆ. ರಸ್ತೆ ಪಕ್ಕದಲ್ಲೇ ನಿಲ್ಲಿಸಿಕೊಂಡು ಫೋನು ಮಾಡಿದೆ.

"ನಾಳೆ ಬರಬೇಡಿ ಕಣಮ್ಮ. ಹಾಸನದ ಡಾಕ್ಟರಿಗೆ ಚೀಟಿ ಬರೆದುಕೊಡ್ತೀನಿ, ಅಲ್ಲೇ ಕೀಳಿಸ್ಕೊಳ್ಳಿ."

"ಯಾಕ್ ಸಾ? ಊರಲ್ಲಿರಲ್ವಾ?"

ಇರ್ತೀನಿ ಅಂದೆ. ಜ್ವರ ಅನ್ನಬಹುದಿತ್ತು, ಕರೆಂಟಿಲ್ಲ ಅನ್ನಬಹುದಿತ್ತು. ಪಕ್ಕದಲ್ಲಿ ಹೆಂಡತಿ ಸ್ಟೇರಿಂಗ್ ಹಿಡಿದುಕೊಂಡು ನೇರ ರಸ್ತೆ ನೋಡ್ತಾ ಕೂತಿದ್ದಳು. "ನನ್ನ ಕೈ ನಡುಗುತ್ತೆ ಕಣಮ್ಮ" ಅಂದೆ. ಆ ಮಾತನ್ನ ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆ ಕಡೆಯಿಂದ ಆ ಹೆಂಗಸು ಮಗುವಿಗೆ ಹೇಳೋ ಹಾಗೆ ಮೆಲ್ಲಗೆ ಅಂದಳು. "ಗೊತ್ತು ಸಾ. ಓದ್ ವರ್ಸ ನಮ್ಮೆಜಮಾನ್ರ ಅಲ್ಲು ಕಿತ್ರಲ್ಲ, ಆಗ್ಲೇ ನೋಡಿದ್ವಿ. ಈ ಕಡೆ ಎಲ್ರಿಗೂ ಗೊತ್ತು. ನೀವು ಬ್ಯಾಸ್ರ ಮಾಡ್ಕತ್ತೀರ ಅಂತ ಯಾರೂ ಯೋಳ್ಲಿಲ್ಲ. ಅದ್ಕೇ ನಾವೆಲ್ಲ ಕಣ್ ಮುಚ್ಕೊಂಡ್ ಕುಂತ್ಕತ್ತಿದ್ದು."

"ಉಪ್ಪು ಹಾಕಿದ ಬಿಸಿನೀರಲ್ಲಿ ಬಾಯಿ ಮುಕ್ಕಳಿಸ್ತಾ ಇರಿ" ಅಂತ ಹೇಳಿ ಫೋನಿಟ್ಟೆ.